ಕರು ಕಳಿಸದ ಸುದ್ದಿ

"ಮುಟ್ಬೇಡಿ ನನ್ನ ಹಸುನ!"

ಚಾಮರಾಜಪೇಟೆಯ ಆ ಹಿತ್ತಿಲಿನಲ್ಲಿ ಮಾನ್ಯ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗೆ ಪಶುವೈದ್ಯ ವಂಶಿ. ಒಂದು ವರ್ಷದಿಂದ ಅವನ ಬೈಕ್ ಸದ್ದು ಕೇಳಿದರೆ ಸಾಕು, ಅವಳ ಎದೆ ಕುಣಿಯುತ್ತಿತ್ತು. ಇವತ್ತು ಉರಿಯುತ್ತಿತ್ತು!

"ಸೋಮವಾರ ಚುಚ್ಚಿ ಹೋದ್ರಿ. ಈಗ ನೋಡಿ... ಗಬ್ಬಕ್ಕೆ ಇನ್ನೂ ಎಂಟೇ ತಿಂಗಳು, ಆಗ್ಲೇ ನೋವು ತಿಂತಿದಾಳೆ ಗಂಗೆ!"

"ಅದು ಬರೀ ವಿಟಮಿನ್ ರೀ. ಪಕ್ಕಕ್ಕೆ ಬನ್ನಿ."

"ಡಾಕ್ಟ್ರನ್ನ ಒಳಗೆ ಬಿಡೇ, ಆಮೇಲೆ ಜಗಳ ಆಡುವಂತೆ!" ಅಮ್ಮ ಶೈಲಜಮ್ಮ ಗದರಿದರು.

ಗಂಗೆ ಮೇವು ಮುಟ್ಟಿರಲಿಲ್ಲ. ಏಳುವುದು, ಮಲಗುವುದು, ಮತ್ತೆ ಏಳುವುದು. ಈಯುವ ಮುಂಚೆ ಆಗುವಂತೆ ಬಾಲದ ಬುಡ ಸಡಿಲಾಗಿ ಕುಸಿದಿತ್ತು. ಅಲ್ಲಿ ಕೈಯಿಟ್ಟ ವಂಶಿಯ ಮುಖ ಬಿಳುಚಿಕೊಂಡಿತು.

"ಕರು ಪೂರ್ತಿ ಬೆಳೆದ್ಮೇಲೆ ಅದ್ರ ಮೈಯಲ್ಲೇ ಒಂದು ಹಾರ್ಮೋನ್ ಏರುತ್ತೆ. 'ನಾನು ರೆಡಿ ಅಮ್ಮಾ' ಅಂತ ಸುದ್ದಿ ಕಳಿಸ್ದಂಗೆ. ಆಗ ಗರ್ಭ ಹಿಡಿದಿಟ್ಟಿರೋ ಹಾರ್ಮೋನ್ ಇಳಿದು, ನೋವು ಶುರುವಾಗುತ್ತೆ. ಈ ಕರು ಇನ್ನೂ ಏನೂ ಹೇಳಿಲ್ಲ... ಯಾರೋ ಅದ್ರ ಹೆಸರಲ್ಲಿ ಸುಳ್ಳು ಸುದ್ದಿ ಕಳಿಸಿದಾರೆ. ಊತಕ್ಕೆ ಕೊಡೋ ಸ್ಟೀರಾಯ್ಡೂ ಆ ಹಾರ್ಮೋನ್ ಥರಾನೇ. ಅದೇನಾದ್ರೂ ಕೊಟ್ರಾ?"

ಮಾನ್ಯ ಗೋಡೆಯ ಗೂಡಿನಲ್ಲಿದ್ದ ಬಾಟಲಿಯತ್ತ ನೋಡಿದಳು.

ಮೊನ್ನೆ ಬಿನ್ನಿಪೇಟೆಯ ಫ್ಲ್ಯಾಟೊಂದರ ಗೃಹಪ್ರವೇಶ. ಮೊದಲು ಹೊಸಿಲು ದಾಟಬೇಕಿದ್ದವಳು ಗಂಗೆ. ಹಿಂದಿನ ದಿನವೇ ಅವಳ ಕಾಲು ಊದಿತ್ತು. ಕುಂಟುವ ಹಸುವನ್ನು ಹೊಸ ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ?

"ಹೋದ್ವರ್ಷ ಕಾಲೂದಿದಾಗ ನೀವು ಚುಚ್ಚಿದ್ರಲ್ಲ, ಮರೆತು ಬಿಟ್ಟೋದ ಆ ಬಾಟ್ಲಿ ಇಲ್ಲೇ ಇತ್ತು... ನಾನೇ ಚುಚ್ಚಿದೆ."

"ಆಗ ಅವಳು ಗಬ್ಬ ಇರ್ಲಿಲ್ಲ ಮಾನ್ಯಾ!"

"ನಿಲ್ಸಕ್ಕಾಗಲ್ವಾ?"

ಅವನು ತಲೆಯಾಡಿಸಿದ. ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕರು ಬಂತು. ಕೈಗೆ ತೀರಾ ಹಗುರ ಅನ್ನಿಸುವ ಮೈ, ತೆಳುವಾದ ಕೂದಲು... ಉಸಿರಿಲ್ಲ! ವಂಶಿ ಮೂಗಿನ ಲೋಳೆ ತೆಗೆದ, ಗೋಣಿಯಿಂದ ತಿಕ್ಕಿದ, ತಿಕ್ಕುತ್ತಲೇ ಇದ್ದ. ಕೊನೆಗೆ ಒಂದು ಸಣ್ಣ ಗೊರಗೊರ.

"ಶ್ವಾಸಕೋಶ ಬಲಿತಿಲ್ಲ. ಏನೂ ಹೇಳಕ್ಕಾಗಲ್ಲ."

"ನನ್ನ ಬೈದ್ಬಿಡಿ," ಮಾನ್ಯ ಅತ್ತಳು. "ತಪ್ಪು ನಿಮ್ಮ ಮೇಲೆ ಹಾಕ್ದೆ. ಮಾಡಿದ್ದು ನಾನು."

ವಂಶಿ ಕರುವಿನ ಎದೆಯ ಮೇಲೆ ಕೈಯಿಟ್ಟು ಕೂತ.

"ಆ ಬಾಟ್ಲಿ ನಾನು ಮರೆತು ಹೋಗಿದ್ದಲ್ಲ. ಬೇಕಂತ್ಲೇ ಬಿಟ್ಟಿದ್ದೆ. ತಗೊಳ್ಳೋ ನೆಪದಲ್ಲಿ ಇನ್ನೊಂದ್ಸಲ ಬರೋಣ ಅಂತ... ನಿಮ್ಮನ್ನ ನೋಡಕ್ಕೆ. ಆಮೇಲೆ ನಿಮ್ಮ ಜೊತೆ ಮಾತಾಡ್ತಾ ಆಡ್ತಾ ಅದನ್ನ ಕೇಳೋದೇ ಮರೆತೆ."

ಅವಳು ಪಕ್ಕದಲ್ಲೇ ಕೂತಳು. ಕರುವಿನ ಎದೆಯ ಮೇಲಿದ್ದ ಅವನ ಕೈಯ ಪಕ್ಕ ತನ್ನ ಕೈ ಇಟ್ಟಳು.

ಕರುವಿನ ಉಸಿರು ನಿಂತಿತು. ಇಬ್ಬರೂ ಕಲ್ಲಾದರು... ಮತ್ತೆ ಬಂತು.

"ಇವತ್ತು ಹೋಗ್ಬೇಡಿ," ಅವಳು ಪಿಸುಗುಟ್ಟಿದಳು.

"ಹೋಗಲ್ಲ. ನೀನು ಕೈ ತೆಗೀಬೇಡ."