ಕೊನೆಯ ಅಧ್ಯಾಯ ಸೇವ್ ಆಗುವವರೆಗೆ

ತಾನು ಪ್ರೀತಿಸುತ್ತಿರುವುದು ಅವನನ್ನೋ, ಬರೀ ಅವನ ದನಿಯನ್ನೋ? ಈ ಅನುಮಾನವನ್ನು ಅವಳು ತನ್ನ ಹೊರತು ಇನ್ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಸ್ವಭಾವವೇ ಅವಳದಲ್ಲ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಪುಟ್ಟ ಸ್ಟುಡಿಯೋ ಅದು. ಅವನು ಗಾಜಿನ ಬೂತಿನೊಳಗೆ ಕುಳಿತು ಓದುವವನು. ಅವಳು ಗಾಜಿನ ಈಚೆ ಕುಳಿತು ಕೆಮ್ಮು, ತಡವರಿಕೆಗಳನ್ನು ಕತ್ತರಿಸಿ ತೆಗೆಯುವವಳು. ಅವನೆದುರು ತಲೆಯೆತ್ತದ ಹುಡುಗಿ ಅವನು ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಕೆಲಸಕ್ಕಾಗಿ ಅಂತ ತನಗೆ ತಾನೇ ಒಂದು ನೆಪ ಬೇರೆ.

"ಏನ್ರೀ ಮೌನಗೌರಿ, ಇವತ್ತಾದ್ರೂ ಬಾಯಿ ಬಿಡ್ತೀರಾ? ಅಥವಾ ನಿಮ್ಮ ಮಾತಿಗೂ ಕತ್ತರಿ ಹಾಕ್ಬಿಟ್ರಾ?" ಎಂದು ಅವನು ಬಂದಾಗಲೆಲ್ಲ ಛೇಡಿಸುತ್ತಿದ್ದ. ಅವಳು ಕೀಬೋರ್ಡಿನತ್ತ ನೋಡುತ್ತ ನಗುತ್ತಿದ್ದಳು, ಅಷ್ಟೇ.

ಇವತ್ತು ಅವನು ಛೇಡಿಸಲಿಲ್ಲ. ನಾಳೆ ಅವನ ಗಂಟಲಿಗೆ ಆಪರೇಷನ್. ಒಳಗೊಂದು ಗಂಟು ಬೆಳೆದಿದೆ. ಅದನ್ನು ತೆಗೆದ ಮೇಲೆ ದನಿ ಹೇಗಿರುತ್ತದೋ, ಉಳಿಯುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಪುಸ್ತಕದ ಕೊನೆಯ ಅಧ್ಯಾಯ ಓದಿ ಮುಗಿಸಿದ ಮೇಲೆ ತುಟಿ ಪಿಟಕ್ಕೆನ್ನಬಾರದೆಂದು ಅವರ ಕಟ್ಟಪ್ಪಣೆ.

"ದನಿ ಬದಲಾದ್ರೆ ನನ್ನ ಗುರುತು ಹಿಡೀತೀರಾ?"

ಬೂತಿನೊಳಗೆ ಹೋಗುವ ಮುನ್ನ ಕೇಳಿದ. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಅವಳ ಅನುಮಾನವನ್ನೇ ಯಾರೋ ಅವನಿಗೆ ಚಾಡಿ ಹೇಳಿದಂತಿತ್ತು. ಅವಳು ಮೈಕಿನ ವೈರು ಸರಿಮಾಡುವವಳಂತೆ ಬಗ್ಗಿದಳು.

ಅವನು ಓದಿದ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ದನಿ ಸವೆದು ದಾರದಷ್ಟಾಗಿತ್ತು. ಕಡೆಯ ಸಾಲು ಮುಗಿಸಿ ಪುಸ್ತಕ ಮುಚ್ಚಿದ. ಅವಳು ರೆಕಾರ್ಡಿಂಗ್ ನಿಲ್ಲಿಸಿ ಸೇವ್ ಒತ್ತಿದಳು.

ಪರದೆ ಕಲ್ಲಾಗಿ ನಿಂತಿತು. ಮೌಸಿನ ಬಾಣ ಅಲುಗಲಿಲ್ಲ. ಗಡಿಯಾರದ ಅಂಕಿಯೂ ಬದಲಾಗಲಿಲ್ಲ.

"ಮತ್ತೆ ಹ್ಯಾಂಗ್ ಆಯ್ತಾ? ಇದರ ಹಣೆಬರಹವೇ ಇಷ್ಟು. ಆಫ್ ಮಾಡಿ ಆನ್ ಮಾಡಮ್ಮ," ಎನ್ನುತ್ತ ಸ್ಟುಡಿಯೋ ನೋಡಿಕೊಳ್ಳುವ ಮೇಡಂ ಪವರ್ ಬಟನ್‌ಗೆ ಕೈ ಚಾಚಿದರು.

"ಬೇಡ ಮೇಡಂ! ಅಧ್ಯಾಯ ಹೋಗ್ಬಿಡುತ್ತೆ!"

ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಬೂತಿನಿಂದ ಓಡಿ ಬಂದ ಅವನು ಏನೂ ಕೇಳದೆ ಪವರ್ ಬಟನ್ನಿನ ಮೇಲೆ ಅಂಗೈ ಅಡ್ಡ ಹಿಡಿದ. ಡಾಕ್ಟರ ಅಪ್ಪಣೆ, ಕೇಳುವಂತೆಯೂ ಇರಲಿಲ್ಲ.

ಕಂಟ್ರೋಲ್, ಆಲ್ಟ್, ಎಫ್ ಮೂರು ಒಟ್ಟಿಗೆ ಒತ್ತಿದಳು. ಬೇರೆ ಪರದೆಗೆ ದಾಟಿ, ಕೆಟ್ಟು ಕುಳಿತ ಪ್ರೋಗ್ರಾಮನ್ನಷ್ಟೇ ನಿಲ್ಲಿಸುವ ದಾರಿ ಅದು. ದಾಟಲಾಗಲಿಲ್ಲ. ಉಳಿದದ್ದು ಈ ಕಂಪ್ಯೂಟರ್ ನಡೆಸುವ ಲಿನಕ್ಸಿನ ಕಡೆಯ ಉಪಾಯ: ಆಲ್ಟ್, ಪ್ರಿಂಟ್‌ಸ್ಕ್ರೀನ್ ಎರಡನ್ನೂ ಹಿಡಿದು ಒಂದೊಂದೇ ಅಕ್ಷರ ಒತ್ತಿದರೆ, ಇರುವುದನ್ನು ಉಳಿಸಿಕೊಂಡು ಹಂತಹಂತವಾಗಿ ಹೊಸದಾಗಿ ಏಳುತ್ತದೆ. ಆರ್ ಒತ್ತಿದಳು. ಇ ಒತ್ತಿದಳು. ಐ ಒತ್ತಿದಳು. ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ನೆನಪಾಯಿತು. ಈ ಮಷೀನಿನಲ್ಲಿ ಮೊದಲ ಮೂರು ಅಕ್ಷರಕ್ಕೆ ಅನುಮತಿಯೇ ಇಲ್ಲ. ಸೆಟ್ಟಿಂಗ್ ಬದಲಿಸಬೇಕು ಅಂದುಕೊಂಡೇ ಇದ್ದಳು, ನಾಳೆ ನಾಳೆ ಎಂದು ದೂಡಿದ್ದಳು. ಎಸ್‌ಗೆ ಅನುಮತಿ ಇತ್ತು. ಒತ್ತಿದಳು.

ಡಿಸ್ಕಿನ ಪುಟ್ಟ ದೀಪ ಮಿಣಮಿಣ ಎಂದಿತು.

"ಸರಿ, ಮುಂದಿಂದು ಒತ್ತಮ್ಮ," ಎಂದರು ಮೇಡಂ.

"ಅವಸರ ಮಾಡ್ಬಾರ್ದು ಮೇಡಂ. ಮೆಮೊರಿಯಲ್ಲಿ ಇರೋದೆಲ್ಲ ಡಿಸ್ಕಿಗೆ ಇಳೀಬೇಕು. ಅಲ್ಲೀವರೆಗೂ ಕಾಯ್ಬೇಕು."

ಕಾಯುತ್ತ ಅವಳು ತಲೆಯೆತ್ತಿದಳು. ಮೊದಲ ಬಾರಿಗೆ ಅವನನ್ನು ನೆಟ್ಟಗೆ ನೋಡಿದಳು. ಬಟನ್ನನ್ನು ಹಕ್ಕಿಮರಿಯಂತೆ ಕಾಯುತ್ತಿದ್ದ ಅಂಗೈ. ಹಣೆಯ ಮೇಲೆ ಬೆವರು. ಹೆದರಿದ ಕಣ್ಣು. ಅದರಲ್ಲೂ ಬಿಡದ ತುಂಟತನ: ಖಾಲಿಯಿದ್ದ ಕೈಯ ಬೆರಳುಗಳನ್ನು ಕೊಕ್ಕಿನಂತೆ ತೆರೆದು ಮುಚ್ಚಿ, ಅವಳತ್ತ ತೋರಿಸಿ ಹುಬ್ಬೇರಿಸಿದ. ಅಂತೂ ಬಾಯಿ ಬಿಟ್ರಲ್ಲ, ಎಂಬಂತೆ!

ಕೋಣೆಯಲ್ಲಿ ಅವನ ದನಿ ಇರಲಿಲ್ಲ. ರೆಕಾರ್ಡಿಂಗ್ ಕೂಡ ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ಅವಳ ಎದೆ, ಹೆಡ್‌ಫೋನಿನಲ್ಲಿ ಅವನ ದನಿ ಕೇಳುವಾಗ ಹೊಡೆದುಕೊಳ್ಳುವಂತೆಯೇ ಹೊಡೆದುಕೊಳ್ಳುತ್ತಿತ್ತು. ಇನ್ನೂ ಜೋರಾಗಿ.

ದೀಪ ಆರಿತು. ಯು ಒತ್ತಿದಳು. ಮತ್ತೆ ಕಾದಳು. ಕೊನೆಗೆ ಬಿ.

ಪರದೆ ಕಪ್ಪಾಗಿ, ಕಂಪ್ಯೂಟರ್ ಹೊಸದಾಗಿ ಎದ್ದಿತು. ಪ್ರೋಗ್ರಾಮ್ ತೆರೆದಾಗ ಉಳಿದದ್ದನ್ನು ಮರಳಿ ತರಲೇ ಎಂದು ಕೇಳಿತು. ತಾ ಎಂದಳು. ಸ್ಪೀಕರಿನಿಂದ ಕಡೆಯ ಸಾಲು, ದಾರದಷ್ಟೇ ದನಿಯಲ್ಲಿ, ಪೂರ್ತಿಯಾಗಿ ಬಂತು. ಆಮೇಲೆ ಪುಸ್ತಕ ಮುಚ್ಚಿದ ಸದ್ದು.

ಅವನು ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೇಡಂ ಸದ್ದಿಲ್ಲದೆ ಹೊರಗೆ ಹೋದರು.

ಹೊರಡುವಾಗ ಬಾಗಿಲಲ್ಲಿ ನಿಂತ. ತನ್ನ ಗಂಟಲು ಮುಟ್ಟಿ, ಅವಳತ್ತ ಬೆರಳು ಮಾಡಿ, ಹುಬ್ಬಿನಲ್ಲೇ ಅದೇ ಪ್ರಶ್ನೆ ಕೇಳಿದ. ಈ ಸಲ ತುಟಿಯೂ ನಗುತ್ತಿರಲಿಲ್ಲ.

ಅವಳು ಕುತ್ತಿಗೆಯಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಗುರುತು ಹಿಡೀತೀನಿ," ಎಂದಳು. "ದನಿ ಬರದೇ ಇದ್ರೂ ಪರವಾಗಿಲ್ಲ ಕಣ್ರೀ. ನನಗೆ ನೀವು ಬೇಕು."