ಹಾಕ್ ಆನ್ ಹೋಟೆಲಿನ ಖಾರವಿಲ್ಲದ ಲಕ್ಸಾ

ಹಾಕ್ ಆನ್ ಹೋಟೆಲಿನ ಮಾಲೀಕ ಊಯ್ ತೇಕ್ ಹಾಯ್ ನಮ್ಮ ಮೇಜಿನ ಮೇಲೆಯೇ ಕುಸಿದು ಬಿದ್ದಾಗ ನನಗೆ ಏನೂ ಅನ್ನಿಸಲಿಲ್ಲ. ಬಟ್ಟಲು ಉರುಳಿತು, ಲಕ್ಸಾ ನೂಡಲ್ಸಿನ ಹುಳಿಸಾರು ಅಮೃತಶಿಲೆಯ ಮೇಲೆ ಹರಿದು ನನ್ನ ಸೀರೆಯ ಮೇಲೆ ಸುರಿಯಿತು. ಸುತ್ತಲಿನವರು ಕೂಗಿಕೊಂಡರು. ನಾನು ಮಾತ್ರ ಸೀರೆಯ ಕಲೆಯನ್ನೇ ನೋಡುತ್ತ ಕೂತಿದ್ದೆ.

ಆಗ ನಾನು ಹಾಗೇ ಇದ್ದೆ. ನನ್ನ ಗಂಡ ಅಮೃತಲಿಂಗಂ ತೀರಿಕೊಂಡ ಮೇಲೆ ನನ್ನ ನಾಲಗೆಗೆ ರುಚಿ, ಮನಸ್ಸಿಗೆ ಬಿಸಿ ಎರಡೂ ಹೋಗಿದ್ದವು. ಅವರ ಅಕ್ಕ ಪರಂಜೋತಿ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಬಿಡಿಸಿದ ಎಷ್ಟೋ ಪ್ರಕರಣಗಳಲ್ಲಿ ನಾನು ಪಕ್ಕದಲ್ಲಿದ್ದೆ. ತಮ್ಮನನ್ನು ಕಳೆದುಕೊಂಡ ದುಃಖ ಅವರಿಗೂ ಇತ್ತು, ಆದರೆ ಅವರು ಅದನ್ನು ಊಟದ ಮೂಲಕ ಎದುರಿಸುವ ಜಾತಿ. "ಏಳು ತವಮಣಿ, ತಿಂದ್ಕೊಂಡು ಸುತ್ತೋಣ. ತೈಪಿಂಗ್ ಮನೇಲಿ ಗೋಡೆ ನೋಡ್ತಾ ಕೂತ್ರೆ ಅವನೇನು ವಾಪಸ್ ಬರ್ತಾನಾ?" ಎಂದು ನನ್ನನ್ನು ಮಲೇಷ್ಯಾ ಸುತ್ತಲು ಹೊರಡಿಸಿದ್ದರು. ಈಪೋದಲ್ಲಿ ಮೊಳಕೆಕಾಳಿನ ಜೊತೆ ಕೋಳಿ, ಬಟರ್‌ವರ್ತ್‌ನಲ್ಲಿ ಹುರಿದ ಏಡಿ, ಪೆನಾಂಗ್‌ಗೆ ಇಳಿದ ಕೂಡಲೇ ಅನ್ನಕ್ಕೆ ಮಸಾಲೆ ಸಾರು ಸುರಿದ ನಾಸಿ ಕಂದಾರ್. ಅವರು ತಿನ್ನುತ್ತಿದ್ದರು, ನಾನು ನುಂಗುತ್ತಿದ್ದೆ.

ಹಾಕ್ ಆನ್ ಪೆನಾಂಗ್‌ನ ಹಳೆಯ ಹೋಟೆಲು. ಮೇಲೆ ಮರದ ಕಿಟಕಿಗಳ ಕೋಣೆಗಳು, ಕೆಳಗೆ ಕಾಫಿ ಅಂಗಡಿ, ಅದರ ಮುಂಭಾಗದಲ್ಲಿ ಬಾಡಿಗೆಗೆ ನಿಂತ ತಿಂಡಿ ಗಾಡಿಗಳು. ಅವುಗಳಲ್ಲಿ ಹೆಸರಾದದ್ದು ಕಿಮ್ ಸೆಂಗನ ಲಕ್ಸಾ, ಹುಳಿ ಖಾರದ ಮೀನುಸಾರಿನಲ್ಲಿ ಮುಳುಗಿಸಿದ ನೂಡಲ್ಸು. ಹೋಟೆಲನ್ನು ನಡೆಸುತ್ತಿದ್ದವಳು ಬೀ ಲ್ಯಾನ್. ಐವತ್ತು ದಾಟಿದ, ಮೆಲುದನಿಯ ಹೆಂಗಸು. ತೇಕ್ ಹಾಯ್ ಅವಳನ್ನು ಅನಾಥಾಲಯದಿಂದ ತಂದು ಸಾಕಿದ್ದರು. ಆಕೆಗೆ ಮದುವೆಯಾಗಿರಲಿಲ್ಲ.

ನಾವು ಬಂದ ಮಧ್ಯಾಹ್ನ ಬಸ್ಸಿನ ಪ್ರಯಾಣಕ್ಕೆ ನನ್ನ ಕಾಲಿನ ಹರಡು ಊದಿತ್ತು. ಬೀ ಲ್ಯಾನ್ ನಾನು ಕೇಳದೆಯೇ ನೆಲದ ಮೇಲೆ ಕೂತು, ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡಳು. ಕೌಂಟರಿನ ಕೆಳಗಿಂದ ಒಂದು ಬಾಟಲಿ ತೆಗೆದಳು. ಬೇರುಗಳನ್ನು ಸಾರಾಯಿಯಲ್ಲಿ ನೆನೆಹಾಕಿದ ಕಂದು ದ್ರವ ಅದರ ಕುತ್ತಿಗೆಯವರೆಗೂ ಇತ್ತು.

"ಇದು ಉಜ್ಜೋಕೆ ಮಾತ್ರ ಆಂಟಿ. ಬಾಯಿಗೆ ತಾಗ್ಬಾರ್ದು. ಮುಟ್ಟಿದ್ರೆ ಸೋಪು ಹಾಕಿ ಕೈ ತೊಳ್ಕೊಳ್ಳಿ," ಎಂದಳು. ತುಂಬ ಹೊತ್ತು ಉಜ್ಜಿದಳು. ಯಾರಾದರೂ ನನ್ನನ್ನು ಹಾಗೆ ಮುಟ್ಟಿ ಬಹಳ ಕಾಲವಾಗಿತ್ತು.

ತೇಕ್ ಹಾಯ್ ಪಕ್ಕದಲ್ಲಿ ನಿಂತು ನಗುತ್ತಿದ್ದರು. "ಇವಳ ಕೈಯಲ್ಲಿ ಔಷಧ ಇದೆ. ನಂಗೆ ಬೆಳಿಗ್ಗೆ ಎದ್ದ ತಕ್ಷಣ ಒಂದು ಪುಟ್ಟ ಕಪ್ಪಿನಲ್ಲಿ ಕಷಾಯ ಕೊಡ್ತಾಳೆ. ಅದು ಹೊಟ್ಟೆಗೆ ಬಿದ್ದ ಮೇಲೇ ನಾನು ಮೆಟ್ಲು ಇಳಿಯೋದು. ಎಂಬತ್ತು ಹತ್ರ ಆಯ್ತು, ನೋಡಿ, ಮೂಳೆ ಹೇಗಿದೆ!" ಎಂದು ಎದೆ ತಟ್ಟಿಕೊಂಡರು.

ಅದೇ ಸಂಜೆ ಜಗಳವಾಯಿತು. ಗಾಡಿ ಮುಚ್ಚುತ್ತಿದ್ದ ಕಿಮ್ ಸೆಂಗ್ ಸೌಟನ್ನು ಆಡಿಸುತ್ತ ಕೂಗುತ್ತಿದ್ದ. "ಹೋಟ್ಲು ಮಾರ್ಬಿಟ್ಯಾ? ಮುದುಕಾ, ನಮ್ಮಪ್ಪನ ಕಾಲದ ಜಾಗ ಇದು! ಮಗನ ಹತ್ರ ಆಸ್ಟ್ರೇಲಿಯಾಕ್ಕೆ, ಪರ್ತ್‌ಗೆ ಹೋಗಿ ಬ್ರೆಡ್ಡು ತಿಂತೀಯಾ? ನಾವೆಲ್ಲ ಸಮುದ್ರಕ್ಕೆ ಬೀಳ್ಬೇಕಾ?"

"ಮುಂದಿನ ತಿಂಗಳು ಗಾಡಿ ಎತ್ತು. ಅಷ್ಟೆ," ಎಂದರು ತೇಕ್ ಹಾಯ್.

"ಎತ್ತೋದು ಗಾಡೀನೋ ನಿನ್ನ ಹೆಣಾನೋ ನೋಡೋಣ!"

ಆ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ಬೀ ಲ್ಯಾನ್ ಕೌಂಟರಿನಲ್ಲಿ ಹಾಸಿಗೆಯ ಹೊದಿಕೆಗಳನ್ನು ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತೇಕ್ ಹಾಯ್ ಇಳಿದು ಬಂದು ನಮ್ಮ ಮೇಜಿಗೇ ಕುರ್ಚಿ ಎಳೆದುಕೊಂಡರು. ಕಿಮ್ ಸೆಂಗ್ ಮುಖ ಗಂಟಿಕ್ಕಿಕೊಂಡು ಒಂದೇ ಪಾತ್ರೆಯಿಂದ ಮೂರು ಬಟ್ಟಲು ತುಂಬಿ ತಂದಿಟ್ಟ. ನಾನು ತಿನ್ನತೊಡಗಿದೆ. ಕಣ್ಣಲ್ಲಿ, ಮೂಗಲ್ಲಿ ನೀರು ಬಂತು. ಪರಂಜೋತಿ ಅಕ್ಕ ತಮ್ಮ ಕರವಸ್ತ್ರವನ್ನು ನನ್ನತ್ತ ತಳ್ಳಿದರು. ಅಮೃತಲಿಂಗಂನನ್ನು ನೆನೆದು ಅಳುತ್ತಿದ್ದೇನೆ ಎಂದುಕೊಂಡರೇನೋ.

ತೇಕ್ ಹಾಯ್ ಒಂದು ಚಮಚ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. "ಏಯ್ ಕಿಮ್ ಸೆಂಗ್, ಸಿಟ್ಟಿದ್ರೆ ನನ್ನ ಮೇಲೆ ತೋರ್ಸು, ಲಕ್ಸಾ ಮೇಲಲ್ಲ. ಖಾರ ಎಲ್ಲಯ್ಯ? ಹುಳೀನೂ ಇಲ್ಲ!"

ಕಿಮ್ ಸೆಂಗ್ ಒಂದು ಬಟ್ಟಲು ಅರೆದ ಮೆಣಸಿನಕಾಯಿ ತಂದು ಕುಕ್ಕಿದ. ಮುದುಕ ಅದೆಲ್ಲವನ್ನೂ ಸುರಿದುಕೊಂಡು ತಿಂದು, "ಊಹ್ಞೂಂ, ನೀರು ಕುಡಿದ ಹಾಗಿದೆ," ಎಂದರು. ಹಿಂಗೈಯಿಂದ ತುಟಿಯನ್ನು ಮತ್ತೆ ಮತ್ತೆ ಉಜ್ಜಿಕೊಂಡರು. ಆಮೇಲೆ ಬೆವರಿದರು, ಎದೆ ಹಿಡಿದುಕೊಂಡರು, ಮುಂದಕ್ಕೆ ಬಿದ್ದರು. ಮತ್ತೆ ಅವರ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ಸಂತೆಯಿಂದ ಹೂವಿನ ಬುಟ್ಟಿ ಹಿಡಿದು ಬಂದ ಬೀ ಲ್ಯಾನ್ ಕಂಡದ್ದು ಅವರನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದುದನ್ನು. ಆಸ್ಪತ್ರೆ ತಲುಪುವ ಮೊದಲೇ ಅವರ ಹೃದಯ ನಿಂತಿತ್ತು.

ವೈದ್ಯರಿಗೆ ವಿಷದ ಅನುಮಾನ ಬಂತು. ಇನ್‌ಸ್ಪೆಕ್ಟರ್ ರಿದ್ವಾನ್ ಬಂದು ಲಕ್ಸಾ ಗಾಡಿಗೆ ಮುದ್ರೆ ಹಾಕಿಸಿದ. ಒಂದು ಕಾಲದಲ್ಲಿ ಪರಂಜೋತಿ ಅಕ್ಕನ ಕೈಕೆಳಗೆ ಪಳಗಿದವನು ಅವನು. ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದ.

ಬೀ ಲ್ಯಾನ್ ಕಣ್ಣು ಒರೆಸಿಕೊಳ್ಳುತ್ತ ಹೇಳಿದಳು: "ಬೆಳಿಗ್ಗೆಯಿಂದ ಬೇರೇನೂ ಬಾಯಿಗೆ ಹಾಕಿರ್ಲಿಲ್ಲ ಸಾರ್. ಆ ಲಕ್ಸಾ ತಿಂದೇ ಬಾಯೆಲ್ಲ ಮರಗಟ್ಟಿತಂತೆ, ಪಾಪ."

ನನ್ನ ಸರದಿ ಬಂದಾಗ ನಿಜವನ್ನೇ ಹೇಳಿದೆ. "ನನಗೂ ಲಕ್ಸಾ ಸಪ್ಪೆಯಾಗಿತ್ತು. ಏನೂ ರುಚಿ ತಿಳೀಲಿಲ್ಲ."

ರಿದ್ವಾನ್ ತಲೆಯಾಡಿಸಿದ. ಖಾರ ಹುಳಿ ಹಾಕದೆ, ಬೇರೆ ಏನನ್ನೋ ಹಾಕಿ ಮಾಡಿದ ಲಕ್ಸಾ ಎಂದಾಯಿತು. ಹೆಣ ಎತ್ತುವ ಮಾತಂತೂ ಊರಿಗೇ ಕೇಳಿಸಿತ್ತು. ಕಿಮ್ ಸೆಂಗನನ್ನು ಜೀಪಿಗೆ ಹತ್ತಿಸಿದರು. ಅವನು ನನ್ನತ್ತ ತಿರುಗಿ, "ಅಮ್ಮಾ, ನಾನು ನಿಮಗೇನು ಮಾಡಿದ್ದೆ?" ಎಂದ. ಯಾರೋ ದೂರದಲ್ಲಿ ಮಾತನಾಡಿದಂತೆ ಕೇಳಿಸಿತು.

ಪರಂಜೋತಿ ಅಕ್ಕ ಪಕ್ಕದ ಬೀದಿಗೆ ನಡೆದರು. ನಾನು ಕುಂಟುತ್ತ ಹಿಂಬಾಲಿಸಿದೆ. ಚಾರ್ ಕ್ವೇ ತ್ಯಾವ್ ಹುರಿಯುವ ಗಾಡಿಯ ಮುಂದೆ ಕೂತು, ಅಗಲ ನೂಡಲ್ಸಿನ ಒಂದು ತಟ್ಟೆ ಮುಗಿಸಿ ಇನ್ನೊಂದಕ್ಕೆ ಹೇಳಿದರು. ಆಮೇಲೆ ಕೇಳಿದರು: "ತವಮಣಿ, ನೆನ್ನೆ ನಾಸಿ ಕಂದಾರ್ ಹೇಗಿತ್ತು?"

"ಸಪ್ಪೆ."

"ಈಪೋದ ಕೋಳಿ?"

"ಅದೂ ಸಪ್ಪೆ."

"ಹಾಗಾದ್ರೆ ಬೆಳಿಗ್ಗೆ ಯಾಕೆ ಅತ್ತೆ?"

ನಾನು ಯೋಚಿಸಿದೆ. "ಅಳ್ಲಿಲ್ಲ ಅಕ್ಕ. ಸುಮ್ಮನೆ ಕಣ್ಣಲ್ಲಿ ನೀರು ಬಂತು."

"ಹ್ಞಾಂ," ಎಂದು ಅವರು ಚಮಚವನ್ನು ಕೆಳಗಿಟ್ಟರು.

ಹೋಟೆಲಿಗೆ ಮರಳಿದ ಮೇಲೆ ಅವರು ಕೌಂಟರಿನ ಹತ್ತಿರ ಹೋಗಿ, "ಬೀ ಲ್ಯಾನ್, ನನ್ನ ನಾದಿನಿ ಕಾಲು ಮತ್ತೆ ಊದಿದೆ. ಆ ಬಾಟ್ಲಿ ಕೊಡಮ್ಮ," ಎಂದರು.

"ಅಯ್ಯೋ, ಅದು ಮುಗಿದೋಯ್ತು ಆಂಟಿ," ಎಂದಳು ಬೀ ಲ್ಯಾನ್. "ಬಿಸಿನೀರು ಕಾಯ್ಸಿ ಕೊಡ್ತೀನಿ." ನಾನು ಬೇಡವೆಂದರೂ ಬಕೆಟ್ ತಂದು, ಉಪ್ಪು ಹಾಕಿ, ನನ್ನ ಕಾಲನ್ನು ಅದರಲ್ಲಿಟ್ಟಳು. ಅಷ್ಟರಲ್ಲಿ ಅಕ್ಕ ಲೋಟ ತೊಳೆಯುವ ನೆಪದಲ್ಲಿ ಹಿಂದಿನ ಅಡುಗೆಮನೆಗೆ ಹೋಗಿ ಬಂದರು. ಬಂದವರೇ ರಿದ್ವಾನ್‌ಗೆ ಫೋನು ಮಾಡಿದರು.

ಅವನು ಕಿಮ್ ಸೆಂಗನನ್ನೂ ಕರೆತಂದ. ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಬೆಳಗಿನ ಅದೇ ಮೇಜಿನ ಸುತ್ತ ನಾವು ಐದು ಜನ ಕೂತೆವು.

"ರಿದ್ವಾನ್," ಎಂದು ಅಕ್ಕ ಶುರುಮಾಡಿದರು, "ಲಕ್ಸಾದಲ್ಲಿ ಖಾರ ಇರ್ಲಿಲ್ಲ ಅಂತ ಇಬ್ರು ಹೇಳಿದ್ರು. ಅದರಲ್ಲಿ ಒಬ್ಬಳನ್ನ ಲೆಕ್ಕದಿಂದ ಬಿಡು. ತವಮಣಿಗೆ ನನ್ನ ತಮ್ಮ ಹೋದಾಗಿಂದ ಏನು ತಿಂದ್ರೂ ಸಪ್ಪೆ. ಆದ್ರೆ ಅವಳ ಕಣ್ಣು ಮೂಗಿಗೆ ಗಂಡ ಸತ್ತಿಲ್ಲ. ಲಕ್ಸಾ ಬಾಯಿಗಿಟ್ಟ ತಕ್ಷಣ ನೀರು ಸುರೀತು. ಕರವಸ್ತ್ರ ಕೊಟ್ಟವಳು ನಾನು. ನಾನೂ ಅದನ್ನೇ ತಿಂದೆ, ಕಿವಿ ಬಿಸಿಯಾಯ್ತು. ಒಂದೇ ಪಾತ್ರೆ, ಮೂರು ಬಟ್ಟಲು."

"ಅವರ ಬಟ್ಟಲಿಗೆ ಮಾತ್ರ ಏನಾದ್ರೂ ಹಾಕಿರ್ಬಹುದಲ್ಲ ಮೇಡಂ?"

"ಏನು ಬೇಕಾದ್ರೂ ಹಾಕ್ಬಹುದು. ಆದ್ರೆ ಹಾಕಿದ ಖಾರಾನ ತೆಗೆಯೋಕೆ ಆಗುತ್ತಾ? ಆಮೇಲೆ ನನ್ನ ಕಣ್ಣೆದುರಿಗೇ ಒಂದು ಬಟ್ಟಲು ಮೆಣಸಿನಕಾಯಿ ಸುರ್ಕೊಂಡ್ರು. ಆಗ್ಲೂ ನೀರು ಕುಡಿದ ಹಾಗಿದೆ ಅಂದ್ರು. ಲಕ್ಸಾ ಕೆಟ್ಟಿರ್ಲಿಲ್ಲಪ್ಪ. ನಾಲಗೆ ಕೆಟ್ಟಿತ್ತು. ಮೊದಲನೇ ಚಮಚಕ್ಕೇ ಖಾರ ಇಲ್ಲ ಅಂದ್ರು ಅಂದ್ರೆ, ಆ ಚಮಚಕ್ಕಿಂತ ಮುಂಚೇನೇ ನಾಲಗೆ ಮರಗಟ್ಟಿತ್ತು. ವಿಷ ಕುಡಿದೇ ಅವರು ಮೆಟ್ಲು ಇಳಿದದ್ದು."

ಕಿಮ್ ಸೆಂಗ್ ಉಸಿರು ಬಿಟ್ಟ. "ಅದನ್ನೇ ನಾನು ಬಡ್ಕೊಂಡಿದ್ದು! ನನ್ನ ಲಕ್ಸಾ ಸಪ್ಪೆಯಂತೆ!"

"ನೀನು ಸುಮ್ನಿರಪ್ಪ. ಬಾಯಿ ಕೊಬ್ಬಿಂದಾನೇ ನೀನು ಜೀಪು ಹತ್ತಿದ್ದು." ಅಕ್ಕ ಬೀ ಲ್ಯಾನ್ ಕಡೆ ತಿರುಗಿದರು. ದನಿ ತಗ್ಗಿತು. "ಪ್ರತಿದಿನ ಕಷಾಯ ಕುಡಿದೇ ಇಳೀತೀನಿ ಅಂತ ಅವರೇ ಹೇಳಿದ್ರು. ನೀನು ಪೊಲೀಸರಿಗೆ, ಬೇರೇನೂ ಬಾಯಿಗೆ ಹಾಕಿರ್ಲಿಲ್ಲ ಅಂದೆ. ಮರೆತಿರ್ಬಹುದು, ಹೋಗ್ಲಿ. ಆದ್ರೆ ಬಾಯಿ ಮರಗಟ್ಟಿತಂತೆ ಅಂದೆಯಲ್ಲಮ್ಮ, ಅದನ್ನ ನಿನಗೆ ಯಾರು ಹೇಳಿದ್ರು? ನಾವು ಎದುರಿಗೇ ಕೂತಿದ್ವಿ. ಅವರು ಖಾರ ಇಲ್ಲ ಅಂದ್ರೇ ಹೊರತು ಮರಗಟ್ಟಿದೆ ಅಂತ ಒಂದ್ಸಲಾನೂ ಅನ್ಲಿಲ್ಲ. ನೀನು ಬರೋ ಹೊತ್ತಿಗೆ ಅವರಿಗೆ ಮಾತೇ ಇರ್ಲಿಲ್ಲ. ಮರಗಟ್ಟುತ್ತೆ ಅಂತ ಗೊತ್ತಿರೋದು, ಏನು ಕೊಟ್ಟಿದೆ ಅಂತ ಗೊತ್ತಿರೋರಿಗೆ ಮಾತ್ರ."

ಬೀ ಲ್ಯಾನ್ ಮೇಜಿನ ಮೇಲಿನ ಒಂದು ಹನಿಯನ್ನು ಬೆರಳಿನಿಂದ ಒರೆಸಿದಳು.

"ನೆನ್ನೆ ಕುತ್ತಿಗೆವರೆಗೂ ಇದ್ದ ಬಾಟ್ಲಿ ಇವತ್ತು ಮುಗಿದಿದೆ," ಎಂದು ಅಕ್ಕ ಮುಂದುವರಿಸಿದರು. "ಮುಗಿದ ಬಾಟ್ಲೀನ ಜನ ಎಸೀತಾರೆ. ನೀನು ತೊಳೆದು, ಅಡುಗೆಮನೆ ಹಲಗೆ ಮೇಲೆ ಬೋರಲು ಹಾಕಿದ್ದೀಯ. ಪಕ್ಕದಲ್ಲಿ ಒಂದು ಪುಟ್ಟ ಕಪ್ಪು. ಆ ಬಾಟ್ಲಿಯ ಬಿರಡೆಗೆ ವಾಸನೆ ಇನ್ನೂ ಇದೆ. ಪ್ರಯೋಗಾಲಯದವರು ಅದನ್ನೂ ನೋಡ್ತಾರೆ, ಅವರ ಹೊಟ್ಟೇನೂ ನೋಡ್ತಾರೆ. ಎರಡೂ ಒಂದೇ ಬೇರು ಅಂತ ಬರುತ್ತೆ."

ಬೀ ಲ್ಯಾನ್ ಮೆಲುದನಿಯಲ್ಲೇ ಹೇಳಿದಳು. "ಹೋಟೆಲು ಮಾರಿದೀನಿ, ಪರ್ತ್‌ಗೆ ಹೋಗ್ತೀನಿ ಅಂದ್ರು. ನಾನು ಅನ್ನ ಬಡಿಸ್ತಿದ್ದೆ. ಹಾಗಾದ್ರೆ ನಾನು? ಅಂತ ಕೇಳಿದೆ. ನೀನೊಂದು ಕೋಣೆ ನೋಡ್ಕೋ ಅಂದ್ರು. ಮೀನು ಇನ್ನೊಂದು ತುಂಡು ಹಾಕು ಅಂದ್ರು. ಹಾಕಿದೆ."

"ಸಿಟ್ಟು ಬಂತಾ?" ರಿದ್ವಾನ್ ಕೇಳಿದ.

"ಇಲ್ಲ ಸಾರ್. ಏನೂ ಬರ್ಲಿಲ್ಲ. ಬೆಳಿಗ್ಗೆ ಕಪ್ಪಿಗೆ ಹುಯ್ಯೋವಾಗ್ಲೂ ಏನೂ ಬರ್ಲಿಲ್ಲ. ಹೂವು ತರೋಕೆ ಹೋದೆ." ಕಿಮ್ ಸೆಂಗನತ್ತ ನೋಡಿದಳು. "ಅಣ್ಣಾ, ನಿನ್ನ ಹೆಸರು ನಾನಾಗಿ ಎತ್ತಲಿಲ್ಲ. ಎಲ್ಲರೂ ಎತ್ತಿದ್ರು, ನಾನೂ ಸೇರಿಸಿದೆ."

ಕಿಮ್ ಸೆಂಗ್ ಎದ್ದು ತನ್ನ ಗಾಡಿಯ ಕಡೆ ತಿರುಗಿ ನಿಂತ. ಅವಳು ಚಿಕ್ಕವಳಿದ್ದಾಗಿನಿಂದ ಅವನ ಗಾಡಿಯಲ್ಲೇ ತಿಂಡಿ ತಿಂದವಳು.

ಅವಳನ್ನು ಕರೆದುಕೊಂಡು ಹೋದರು. ಹೋಟೆಲಿನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು, ನಾನೇ ಎದ್ದು ಹೋಗಿ ಎತ್ತಿಕೊಂಡೆ. ಪರ್ತ್‌ನಿಂದ ತೇಕ್ ಹಾಯ್ ಅವರ ಮಗ. ಪೊಲೀಸರು ಅವನಿಗೆ ಎಲ್ಲವನ್ನೂ ತಿಳಿಸಿದ್ದರು.

"ನಿಜಾನಾ? ಬೀ ಲ್ಯಾನ್ ಅಕ್ಕಾನೇನಾ?" ಎಂದ. ನಿಜ ಎಂದೆ. "ಅಪ್ಪ ಕೇಳಿದ್ರು ಆಂಟಿ. ಅವಳನ್ನೂ ಕರ್ಕೊಂಡು ಬರ್ಲಾ ಅಂತ. ನಮ್ಮ ಮನೆ ಚಿಕ್ಕದು, ಆಗಲ್ಲ ಅಂದವನು ನಾನು. ಇನ್ನೊಂದ್ಸಲ ಕೇಳಿದ್ರು. ನಾನು ರೇಗಿದೆ. ಅವಳ ಹತ್ರ ಹೇಗೆ ಹೇಳ್ಬೇಕೋ ತಿಳೀದೆ ಹಾಗೆ ಹೇಳಿದ್ದಾರೆ ಅನ್ಸುತ್ತೆ. ಅಪ್ಪಂಗೆ ಅಂಥ ಮಾತು ಆಡೋಕೆ ಬರ್ತಿರ್ಲಿಲ್ಲ."

ನಾನು ಫೋನು ಇಟ್ಟು ಅಕ್ಕನಿಗೆ ಹೇಳಿದೆ. ಬೀ ಲ್ಯಾನ್‌ಗೆ ಇದನ್ನು ತಿಳಿಸಬೇಕೇ ಬೇಡವೇ ಎಂದು ಕೇಳಿದೆ.

"ಗೊತ್ತಿಲ್ಲ ಕಣೆ," ಎಂದರು ಪರಂಜೋತಿ ಅಕ್ಕ. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ಯಾರು ಮಾಡಿದ್ರು ಅಂತ ಹೇಳೋದು ನನ್ನ ಕೆಲಸ. ಇದು ನನ್ನ ಕೈಲಾಗಲ್ಲ."

ಮರುದಿನ ನಾನೊಬ್ಬಳೇ ಠಾಣೆಗೆ ಹೋದೆ. ರಿದ್ವಾನ್ ಒಳಗೆ ಬಿಟ್ಟ. ಬೀ ಲ್ಯಾನ್ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಕಣ್ಣು ನನ್ನ ಕಾಲಿನತ್ತ ಹೋಯಿತು. ನಾನು ಪಕ್ಕದಲ್ಲಿ ಕೂತು, ಫೋನಿನಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಅವಳು ಗೋಡೆ ನೋಡುತ್ತ ಕೇಳಿಸಿಕೊಂಡಳು.

"ಎರಡು ಸಲ ಕೇಳಿದ್ರಾ?"

"ಎರಡು ಸಲ."

ಅವಳ ತುಟಿ ಅಲುಗಿತು. ಆಮೇಲೆ ಎದೆಯ ಆಳದಿಂದ ಒಂದು ದನಿ ಹೊರಟಿತು. ಹೊರಗಿದ್ದ ಪೇದೆ ಓಡಿ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಅವಳು "ಅಪ್ಪಾ, ಅಪ್ಪಾ" ಎಂದು ನನ್ನ ಮಡಿಲಿಗೆ ತಲೆ ಹಾಕಿ ಅಳುತ್ತಿದ್ದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳ ಒಂದೊಂದು ಬಿಕ್ಕಳಿಕೆಯೂ ನನ್ನ ಅಂಗೈಗೆ ಬಡಿಯುತ್ತಿತ್ತು. ಪೇದೆ ಸಮಯವಾಯಿತು ಎಂದ. ನಾನು ಏಳಲಿಲ್ಲ.