ಜಾಲಿ ಮರದ ಚೀಲ

"ಏ ಮೀನು, ನಿನ್ನ ಚೀಲ ಯಾಕೆ ಇಷ್ಟು ಭಾರ? ಒಳಗೆ ಒಂಟೆ ಮರಿ ಇದೆಯಾ?" ಹಮ್ದಾ ಕೇಳಿದಳು.

ಎಲ್ಲರೂ ನಕ್ಕರು. ನೆಸ್ಮಾಳೂ ನಕ್ಕಳು.

ಅಪ್ಪನಿಗೆ ವರ್ಗವಾಗಿ, ಕಾಲುವೆ ದಡದ ಇಸ್ಮಾಯಿಲಿಯಾದಿಂದ ಸಿನಾಯ್ ಬೆಟ್ಟಗಳ ಈ ಊರಿಗೆ ಅವಳು ಬಂದು ಮೂರು ತಿಂಗಳಾಗಿತ್ತು. ಹತ್ತು ಹೆಜ್ಜೆಗೊಮ್ಮೆ ನೀರು ಕುಡಿಯುತ್ತಿದ್ದಳು. ಅದಕ್ಕೇ ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಮೀನು ಅನ್ನುತ್ತಿದ್ದರು. ಇವತ್ತಿನ ನಗು ಮಾತ್ರ ಅವಳಿಗೆ ಚುಚ್ಚಲಿಲ್ಲ.

ಐದನೇ ಕ್ಲಾಸಿನವರು ಬೆಳಗ್ಗೆಯಿಂದ ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿ ನಡೆಯುತ್ತಿದ್ದರು. ದಾರಿಯಲ್ಲಿ ಕಂಡ ಕಸವನ್ನೆಲ್ಲ ಹೆಕ್ಕಬೇಕಿತ್ತು. ಆಮೇಲೆ ಬೆಟ್ಟ ಹತ್ತುವುದು. ತುದಿಯಿಂದ ಸಮುದ್ರ ಕಾಣುತ್ತದಂತೆ. ಅದನ್ನು ನೋಡಲು ನೆಸ್ಮಾ ಒಂದು ವಾರದಿಂದ ದಿನ ಎಣಿಸಿದ್ದಳು.

ರಬಾಬ್ ಮಿಸ್ ಅವಳ ಕಸದ ಚೀಲವನ್ನು ಎತ್ತಿ ನೋಡಿದರು. "ಅಬ್ಬಾ! ಇವತ್ತು ನೆಸ್ಮಾನೇ ಫಸ್ಟ್."

ಚಪ್ಪಾಳೆ ಬಿತ್ತು. ಈ ಊರಿನಲ್ಲಿ ಅವಳಿಗೆ ಸಿಕ್ಕ ಮೊದಲ ಚಪ್ಪಾಳೆ ಅದು.

ಬಂಡೆಯ ನೆರಳಿನಲ್ಲಿ ಕೂತು ಎಲ್ಲರೂ ರೊಟ್ಟಿ, ಖರ್ಜೂರ ತಿಂದರು. ಹಮ್ದಾ ತನ್ನ ಮಾವ ಫರಾಜ್‌ನನ್ನು ಕೇಳಿದಳು. ಅವನು ಇವತ್ತಿನ ಗೈಡ್‌ಗಳಲ್ಲಿ ಒಬ್ಬ.

"ಮಾಮ, ಅಜ್ಜಿ ಮೇಲೆ ಹೋದ್ಲಾ?"

"ಬೆಳಗ್ಗೆನೇ ಆಡು ಹೊಡ್ಕೊಂಡು ಹೋದ್ರು. ಇನ್ನೇನು ಇಳಿದು ಬರ್ತಾರೆ."

"ಹಾಗಾದ್ರೆ ಜಾಲಿ ಮರದ ಹತ್ರ ಟೀ ಕಾಯಿಸ್ತಾಳೆ. ಕೆಟಲು, ಹಿಟ್ಟು, ಮಂಡಿ ನೋವಿನ ಮಾತ್ರೆ ಎಲ್ಲಾ ಮರದಲ್ಲೇ ನೇತು ಹಾಕಿರ್ತಾಳೆ."

ನೆಸ್ಮಾಳ ಬಾಯಲ್ಲಿದ್ದ ಖರ್ಜೂರ ಅಲ್ಲೇ ನಿಂತಿತು. "ಮರದಲ್ಲಾ? ಯಾರಾದ್ರೂ ತಗೊಂಡು ಹೋದ್ರೆ?"

"ಮರದಲ್ಲಿ ಇಟ್ಟಿದ್ದನ್ನ ಯಾರು ತಗೋತಾರೆ?" ಹಮ್ದಾ ಆಶ್ಚರ್ಯದಿಂದ ಅವಳನ್ನೇ ನೋಡಿದಳು.

ನೆಸ್ಮಾ ತನ್ನ ಕಸದ ಚೀಲದ ಕಡೆ ನೋಡಿದಳು. ಬೆಳಗ್ಗೆ ದಾರಿಯ ತಿರುವಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದಾಗ ಆ ಮರ ಕಂಡಿತ್ತು. ಕೊಂಬೆಯಲ್ಲಿ ಮಾಸಿದ ಗಂಟೊಂದು ನೇತಾಡುತ್ತಿತ್ತು. ಬಂಡೆ ಹತ್ತಿ ಎಳೆದಿದ್ದಳು, ಕೈಗೆ ಮುಳ್ಳು ಗೀರಿತ್ತು. ಬಿಚ್ಚಿಯೂ ನೋಡದೆ ಕಸದ ಚೀಲದ ಅಡಿಗೆ ತುರುಕಿದ್ದಳು.

"ಏಳಿ, ಏಳಿ! ತುದಿಗೆ ಇನ್ನೊಂದೇ ಗಂಟೆ," ಮಿಸ್ ಕರೆದರು.

ಸಂಜೆ ವಾಪಸ್ ಹೋಗುವಾಗ ಯಾರಿಗೂ ಕಾಣದ ಹಾಗೆ ನೇತು ಹಾಕಿಬಿಟ್ಟರೆ? ಆದರೆ ಅಜ್ಜಿ ಅದಕ್ಕೂ ಮುಂಚೆಯೇ ಬರುತ್ತಾರಲ್ಲ. ಮಾತ್ರೆ ಬೇರೆ ಅದರಲ್ಲೇ ಇದೆ.

"ಮಿಸ್," ಅಂದಳು ನೆಸ್ಮಾ. ಎಲ್ಲರೂ ತಿರುಗಿದರು. "ನಾನು ಆ ಮರದ್ದನ್ನ... ಕಸ ಅಂದ್ಕೊಂಡು ತಂದುಬಿಟ್ಟೆ."

ಹಮ್ದಾ ಕಸದ ಚೀಲಕ್ಕೆ ಕೈ ಹಾಕಿ ಗಂಟನ್ನು ಹೊರಗೆಳೆದಳು. ಬಾಟಲಿಗಳು ಉರುಳಿದವು. "ನಮ್ಮಜ್ಜಿ ಗಂಟು ನಿಂಗೆ ಕಸ ಥರ ಕಾಣ್ತಾ?"

ನೆಸ್ಮಾ ಉರುಳಿದ ಬಾಟಲಿಗಳನ್ನು ಹೆಕ್ಕತೊಡಗಿದಳು.

"ಬಿಸಿಲಿಗೆ ಬಣ್ಣ ಹೋಗಿದೆ, ಪಾಪ," ಎನ್ನುತ್ತಾ ಫರಾಜ್ ಎದ್ದ. "ಬಾ ಮಗಳೇ, ಬೇಗ ಇಟ್ಟು ಬರೋಣ. ಆದ್ರೆ ನಿಂಗೆ ತುದಿಗೆ ಹೋಗೋಕೆ ಆಗಲ್ಲ."

ನೆಸ್ಮಾ ಒಮ್ಮೆ ಮೇಲೆ ನೋಡಿದಳು. "ಪರವಾಗಿಲ್ಲ."

ಇನ್ನೊಬ್ಬ ಗೈಡ್ ಜೊತೆ ಕ್ಲಾಸಿನವರು ಮೇಲೆ ಹೊರಟರು. ನೆಸ್ಮಾ ಮತ್ತು ಫರಾಜ್ ಕೆಳಗೆ ಇಳಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕಲ್ಲು ಉರುಳಿದ ಸದ್ದಾಯಿತು. ಹಮ್ದಾ ಓಡಿ ಬರುತ್ತಿದ್ದಳು.

"ನೀನು ಕಟ್ಟಿದ್ರೆ ಆಡು ಎಳೆದು ಹಾಕುತ್ತೆ," ಅಂದಳು, ಮುಖ ಊದಿಸಿಕೊಂಡೇ.

ಮರ ಸಿಕ್ಕಿತು. "ಯಾವ ಕೊಂಬೆ?" ಹಮ್ದಾ ಕೇಳಿದಳು.

"ಯಾವುದಾದ್ರೇನು?"

"ಅಜ್ಜಿ ಹಾಕಿದ್ದ ಕೊಂಬೆಗೇ ಹಾಕ್ಬೇಕು."

ನೆಸ್ಮಾ ಬಂಡೆ ಹತ್ತಿ ಕೊಂಬೆ ತೋರಿಸಿದಳು. ಹಮ್ದಾ ಕಟ್ಟಿ ಮುಗಿಸುವ ಹೊತ್ತಿಗೆ ಆಡುಗಳ ಗಂಟೆಯ ಸದ್ದು ಕೇಳಿಸಿತು. ಹಿಂದೆಯೇ ಅಜ್ಜಿ, ಮಂಡಿ ಒತ್ತಿಕೊಳ್ಳುತ್ತಾ ಬಂದರು. ಕೊಕ್ಕೆ ಕೋಲಿನಿಂದ ಗಂಟನ್ನು ಇಳಿಸಿ ಹಗ್ಗ ಮುಟ್ಟಿ ನೋಡಿದರು.

"ಇದು ನಾನು ಹಾಕಿದ ಗಂಟಲ್ಲ."

"ನಾನು ಇಳಿಸಿದ್ದೆ ಅಜ್ಜಿ. ಕಸ ಅಂದ್ಕೊಂಡೆ." ನೆಸ್ಮಾಳ ದನಿ ಮೆಲ್ಲಗಾಯಿತು.

ಅಜ್ಜಿ ಗಂಟನ್ನು ನೋಡಿದರು. ತಮ್ಮ ಧೂಳು ಮೆತ್ತಿದ, ಬಣ್ಣಗೆಟ್ಟ ಬಟ್ಟೆಯನ್ನೂ ನೋಡಿಕೊಂಡರು. "ಅಯ್ಯೋ, ನಾನು ಇಲ್ಲಿ ಮಲಗಿದ್ರೆ ನನ್ನನ್ನೂ ತುಂಬ್ಕೊಂಡು ಹೋಗ್ತಿದ್ದೆ ನೀನು!"

ಹಮ್ದಾ ತಡೆದುಕೊಳ್ಳಲಾರದೆ ನಕ್ಕಳು. "ಟೀ ಕಾಯಿಸೋಕೆ ಕಡ್ಡಿ ಆರಿಸ್ಕೊಂಡು ಬಾರೇ," ಎಂದು ನೆಸ್ಮಾಳಿಗೆ ಹೇಳಿದಳು.

ಅಜ್ಜಿ ಮಾತ್ರೆ ನುಂಗಿದರು. ಎಲ್ಲರೂ ಸಕ್ಕರೆ ಜಾಸ್ತಿಯಾದ ಬಿಸಿ ಟೀ ಕುಡಿದರು. ಆಮೇಲೆ ಅಜ್ಜಿ ಕೆಟಲು, ಹಿಟ್ಟು, ಮಾತ್ರೆ ಎಲ್ಲವನ್ನೂ ಮೊದಲಿನ ಹಾಗೆ ಕಟ್ಟಿ, ಕೋಲಿನಿಂದ ಕೊಂಬೆಗೆ ಸಿಕ್ಕಿಸಿದರು.

"ಬರ್ತೀನಿ ಮಕ್ಕಳೇ," ಎಂದು ಆಡುಗಳ ಹಿಂದೆ ಹೊರಟರು.

ನೆಸ್ಮಾ ನೋಡುತ್ತಾ ಕೂತಳು. ಗಂಟು ಸ್ವಲ್ಪ ತೂಗಾಡಿ ನಿಂತಿತು. ಅದನ್ನು ಇಳಿಸಿದ್ದ ಹುಡುಗಿ ಅದೇ ಮರದ ಕೆಳಗೆ ಕೂತಿದ್ದಳು. ಅಜ್ಜಿ ಮಾತ್ರ ಕಣಿವೆಯ ತಿರುವು ದಾಟುವವರೆಗೂ ಒಂದು ಸಲವೂ ತಿರುಗಿ ನೋಡಲಿಲ್ಲ.